ಇಪ್ಪತ್ತೈದು ಡಾಲರಿನ ಬಂದೂಕು

2014ರ ನವೆಂಬರ್‌ನಲ್ಲಿ ಅಮೆರಿಕದ ನೆವಾಡ ರಾಜ್ಯದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದ ಸಿಬ್ಬಂದಿ ಪುರಾತತ್ವ ಸಮೀಕ್ಷೆಯಲ್ಲಿ ತೊಡಗಿದ್ದಾಗ ಜುನಿಪರ್ ಮರವೊಂದಕ್ಕೆ ಒರಗಿ ನಿಂತ ಬಂದೂಕು ಕಣ್ಣಿಗೆ ಬಿತ್ತು. ಬಿಸಿಲು ಹಿಮಗಳಿಗೆ ಅದರ ಮರದ ಹಿಡಿ ಬಿರುಕುಬಿಟ್ಟು ಬೂದುಬಣ್ಣಕ್ಕೆ ತಿರುಗಿತ್ತು. ಬುಡ ಮಣ್ಣಿನಲ್ಲಿ ಹೂತಿತ್ತು. ನಳಿಗೆ ತುಕ್ಕು ಹಿಡಿದು ಮರದ ಕಾಂಡದಂತೆಯೇ ಕಾಣುತ್ತಿತ್ತು. ಕ್ರಮಸಂಖ್ಯೆಯ ಜಾಡು ಹಿಡಿದು ನೋಡಿದಾಗ ಅದು 1882ರಲ್ಲಿ ತಯಾರಾದ 'ವಿಂಚೆಸ್ಟರ್ 1873' ರೈಫಲ್ ಎಂದು ತಿಳಿದುಬಂತು. ಅದರಲ್ಲಿ ಗುಂಡು ತುಂಬಿರಲಿಲ್ಲ. ಹಿಡಿಯೊಳಗಿನ ಗೂಡಿನಲ್ಲಿ ಮಾತ್ರ ಒಂದೇ ಒಂದು ತೋಟಾ ಉಳಿದಿತ್ತು.

ಅದನ್ನು ಮರಕ್ಕೆ ಒರಗಿಸಿ ಹೋದವನು ಕುರಿಗಾಹಿಯೋ, ಗಣಿ ಕೆಲಸಗಾರನೋ, ದನ ಕಾಯುವವನೋ ಯಾರಾದರೂ ಆಗಿರಬಹುದು. ಏಕೆಂದರೆ ಅಷ್ಟು ಹೊತ್ತಿಗೆ ಆ ಬಂದೂಕು ಎಲ್ಲರ ಕೈಗೂ ಎಟುಕುವಂತಾಗಿತ್ತು. 1873ರಲ್ಲಿ ಮಾರುಕಟ್ಟೆಗೆ ಬಂದಾಗ ಸುಮಾರು 50 ಡಾಲರ್ ಇದ್ದ ಬೆಲೆ 1882ರ ವೇಳೆಗೆ 25ಕ್ಕೆ ಇಳಿದಿತ್ತು. ಆಗ ದನ ಕಾಯುವ ಕೌಬಾಯ್‌ಗೆ ತಿಂಗಳ ಸಂಬಳ 30 ಡಾಲರ್‌ನ ಆಸುಪಾಸು. ಎರಡು ತಿಂಗಳ ದುಡಿಮೆ ಕೇಳುತ್ತಿದ್ದ ವಸ್ತು ಒಂದು ತಿಂಗಳ ದುಡಿಮೆಗಿಂತ ಕಡಿಮೆಗೆ ಸಿಗತೊಡಗಿತ್ತು. ಲಿವರ್ ಆಕ್ಷನ್ ರೈಫಲ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಯುದ್ಧಗಳ ಮೂಲಕ, ಸಿನಿಮಾಗಳ ಮೂಲಕ ಹೇಳುವುದುಂಟು. ಹಾಗೆ ನೋಡಿದರೆ ಅದು ಅದರ ಬೆಲೆಯ ಚರಿತ್ರೆಯೇ ಆಗಿದೆ.

ಹಾಲಿವುಡ್‌ನ ಕೌಬಾಯ್ ಚಿತ್ರಗಳನ್ನು ನೋಡಿದವರಿಗೆ ಈ ಬಂದೂಕು ಅಪರಿಚಿತವೇನಲ್ಲ. ಟ್ರಿಗರ್‌ನ ಸುತ್ತ ಬೆರಳು ತೂರಿಸಲು ಉಕ್ಕಿನ ಬಳೆಯಂಥ ಒಂದು ಸನ್ನೆಕೋಲು, ಅಂದರೆ ಲಿವರ್, ಇರುತ್ತದೆ. ಅದನ್ನು ಕೆಳಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಕ್ಕೆ ಚಿಮ್ಮುತ್ತದೆ, ಕುದುರೆ ಹಿಂದಕ್ಕೆ ಬಾಗಿ ಸಿದ್ಧವಾಗುತ್ತದೆ, ನಳಿಗೆಯ ಕೆಳಗಿನ ಕೊಳವೆಯಿಂದ ಹೊಸ ತೋಟಾ ಮೇಲೇರುತ್ತದೆ. ಮತ್ತೆ ಮೇಲಕ್ಕೆ ಎಳೆದುಕೊಂಡರೆ ಆ ತೋಟಾ ನಳಿಗೆಯೊಳಗೆ ಕೂರುತ್ತದೆ. ಒಂದು ಈಡಿಗೂ ಇನ್ನೊಂದು ಈಡಿಗೂ ನಡುವೆ ಒಂದೇ ಸೆಕೆಂಡು ಸಾಕು. ಮದ್ದು ಸುರಿದು, ಗುಂಡು ತುರುಕಿ, ಗಜದಿಂದ ಜಡಿದು ಹೊಡೆಯುವ ಕೋವಿಗಳ ಕಾಲದಲ್ಲಿ ಇದು ಎಂಥ ಬದಲಾವಣೆ ಎಂಬುದನ್ನು ಊಹಿಸಿಕೊಳ್ಳಬಹುದು.

ಇದರ ಹಿಂದಿದ್ದ ಆಲಿವರ್ ವಿಂಚೆಸ್ಟರ್ ಬಂದೂಕಿನ ಕಸುಬುದಾರನಲ್ಲ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಅಂಗಿ ಹೊಲಿಸಿ ಮಾರುತ್ತಿದ್ದ ವ್ಯಾಪಾರಿ. ದಿವಾಳಿಯಂಚಿನಲ್ಲಿದ್ದ ಬಂದೂಕು ಕಂಪನಿಯೊಂದನ್ನು 1857ರಲ್ಲಿ ಕೈಗೆ ತೆಗೆದುಕೊಂಡ. ಅವನ ಕಾರ್ಖಾನೆಯ ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಪೇಟೆಂಟ್ ಪಡೆದ ರೈಫಲ್ಲೇ ಈ ವಂಶದ ಹಿರಿಯ. ಅಂತರ್ಯುದ್ಧದ ದಿನಗಳಲ್ಲಿ ಅದರ ಬೆಲೆ ಸುಮಾರು 40 ಡಾಲರ್. ಉತ್ತರದ ಸೇನೆಯ ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 13 ಡಾಲರ್. ಸರ್ಕಾರ ಕೊಂಡದ್ದು 1,700ರಷ್ಟನ್ನು ಮಾತ್ರ. ಆದರೂ ಇಲಿನಾಯ್‌ನ 7ನೇ ಪದಾತಿ ದಳದ ಸಿಪಾಯಿಗಳು ಸ್ವಂತ ಜೇಬಿನಿಂದ ಹಣ ತೆತ್ತು ಅದನ್ನು ಕೊಂಡರು. ಮೂರು ತಿಂಗಳ ಸಂಬಳವನ್ನು ಬಂದೂಕಿಗೆ ಸುರಿಯುವವನು ಜೀವದ ಬೆಲೆ ಕಟ್ಟಿಯೇ ಸುರಿದಿರುತ್ತಾನೆ.

ಹೆನ್ರಿಯ ಬಂದೂಕಿಗೆ ದೋಷಗಳಿದ್ದವು. ಮುಂದಿನ ತುದಿಯಿಂದ ತೋಟಾ ತುಂಬಬೇಕಿತ್ತು, ಕೊಳವೆಯ ಸೀಳಿನಲ್ಲಿ ಕೆಸರು ಸೇರುತ್ತಿತ್ತು, ಕಾದ ನಳಿಗೆಯನ್ನು ಬರಿಗೈಯಲ್ಲೇ ಹಿಡಿಯಬೇಕಿತ್ತು. 1866ರ ಮಾದರಿಯಲ್ಲಿ ಪಕ್ಕದಿಂದ ತೋಟಾ ತೂರಿಸುವ ಬಾಗಿಲು ಬಂತು, ನಳಿಗೆಯಡಿ ಮರದ ಹಿಡಿಕೆ ಬಂತು. 1873ರ ಮಾದರಿ ಅದನ್ನು ಇನ್ನಷ್ಟು ಗಟ್ಟಿಗೊಳಿಸಿತು. 1878ರಿಂದ ಕೋಲ್ಟ್ ಕಂಪನಿಯ ರಿವಾಲ್ವರ್ ಕೂಡ ಇದೇ ಅಳತೆಯ ತೋಟಾಕ್ಕೆ ಸಿಗತೊಡಗಿತು. ಸೊಂಟದ ಪಿಸ್ತೂಲಿಗೂ ಹೆಗಲ ರೈಫಲ್‌ಗೂ ಒಂದೇ ಡಬ್ಬಿ ತೋಟಾ ಸಾಕು ಎಂಬುದು ಬಡವನ ಲೆಕ್ಕದಲ್ಲಿ ಸಣ್ಣ ಮಾತಲ್ಲ.

ಕೊಳ್ಳುವ ಮುನ್ನ ಪರೀಕ್ಷಿಸುವ ಕೆಲಸವನ್ನು ಕಂಪನಿಯೇ ವ್ಯಾಪಾರವಾಗಿಸಿದ ಪ್ರಸಂಗವೂ ಉಂಟು. 1875ರಲ್ಲಿ ವಿಂಚೆಸ್ಟರ್ ಹೊಸ ಕೊಡುಗೆಯೊಂದನ್ನು ಪ್ರಕಟಿಸಿತು. ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕರಾರುವಾಕ್ಕಾಗಿ ಹೊಡೆದ ನಳಿಗೆಗಳನ್ನು ಆರಿಸಿ, ವಿಶೇಷ ಟ್ರಿಗರ್ ಅಳವಡಿಸಿ, 'ಸಾವಿರಕ್ಕೊಂದು' ಎಂದು ಕೆತ್ತಿ 100 ಡಾಲರ್‌ಗೆ ಮಾರುವುದು ಅದರ ಯೋಚನೆ. ಕೊಂಡವರು ಕಡಿಮೆ; ತಯಾರಾದದ್ದು ನೂರಮೂವತ್ತರಷ್ಟು ಮಾತ್ರ. ಹಾಗಾದರೆ ಉಳಿದ 999 ಬಂದೂಕುಗಳು ಕಳಪೆಯೇ ಎಂದು ಗಿರಾಕಿ ಕೇಳಿದರೆ ಅಂಗಡಿಯವನು ಏನು ಹೇಳಬೇಕಿತ್ತೋ! 1950ರಲ್ಲಿ ಜೇಮ್ಸ್ ಸ್ಟೀವರ್ಟ್ ನಟಿಸಿದ 'ವಿಂಚೆಸ್ಟರ್ 73' ಚಿತ್ರದ ಕಥೆ ಸುತ್ತುವುದು ಇಂಥದೇ ಒಂದು ಬಂದೂಕಿನ ಸುತ್ತ. ಅಂದಹಾಗೆ, 1939ರ 'ಸ್ಟೇಜ್‌ಕೋಚ್' ಚಿತ್ರದಲ್ಲಿ ಜಾನ್ ವೇಯ್ನ್ ಒಂದೇ ಕೈಯಲ್ಲಿ ತಿರುಗಿಸಿ ಎಲ್ಲರನ್ನೂ ಬೆರಗುಗೊಳಿಸಿದ್ದು 1892ರ ಮಾದರಿಯನ್ನು. ಕಥೆ ನಡೆಯುವುದು ಮಾತ್ರ 1880ರ ಸುಮಾರಿಗೆ!

'ಪಶ್ಚಿಮವನ್ನು ಗೆದ್ದ ಬಂದೂಕು' ಎಂಬುದು ಕಂಪನಿಯೇ ಮೆರೆಸಿದ ಬಿರುದು. ಗೆದ್ದದ್ದು ಯಾರ ಪಶ್ಚಿಮವನ್ನು ಎಂಬ ಪ್ರಶ್ನೆ ಇದ್ದೇ ಇದೆ. ಆದರೆ ಪೇಟೆಯಲ್ಲಿ ಸಿಗುವ ವಸ್ತು ಕೊಳ್ಳುವವನ ಬಣ್ಣ ನೋಡುವುದಿಲ್ಲ. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟ, ಶಯಾನ್ ಮುಂತಾದ ಮೂಲನಿವಾಸಿ ಯೋಧರು ಜಾರ್ಜ್ ಕಸ್ಟರ್ ಮತ್ತು ಅವನೊಂದಿಗಿದ್ದ 200ಕ್ಕೂ ಹೆಚ್ಚು ಅಶ್ವಾರೋಹಿಗಳನ್ನು ಒಬ್ಬರನ್ನೂ ಉಳಿಸದಂತೆ ಸೋಲಿಸಿದರು. 1983ರಲ್ಲಿ ಕಾಳ್ಗಿಚ್ಚು ಆ ಬಯಲಿನ ಹುಲ್ಲನ್ನು ಸುಟ್ಟುಹಾಕಿದ ಮೇಲೆ, 1984ರಿಂದ ಪುರಾತತ್ವಜ್ಞರು ಲೋಹಶೋಧಕಗಳನ್ನು ಹಿಡಿದು ಹುಡುಕಿದರು. ಹೆನ್ರಿ ಮತ್ತು ವಿಂಚೆಸ್ಟರ್ ರೈಫಲ್‌ಗಳ ಖಾಲಿ ತೋಟಾಗಳು ಮೂಲನಿವಾಸಿಗಳು ನಿಂತಿದ್ದ ನೆಲೆಗಳಲ್ಲಿ ಸಿಕ್ಕವು. ಸರ್ಕಾರದ ಸೈನಿಕರ ಕೈಯಲ್ಲಿದ್ದದ್ದು ಒಂದು ಗುಂಡು ಹೊಡೆದು ಮತ್ತೆ ತುಂಬಬೇಕಾದ ಸ್ಪ್ರಿಂಗ್‌ಫೀಲ್ಡ್ ಬಂದೂಕು. ಅದರ ಗುಂಡು ಹೆಚ್ಚು ದೂರ ಹೋಗುತ್ತಿತ್ತು ನಿಜ. ಆದರೆ ಶತ್ರು ಹತ್ತಿರಕ್ಕೆ ಬಂದ ಮೇಲೆ ದೂರದ ಲೆಕ್ಕಕ್ಕೆ ಅರ್ಥವಿಲ್ಲ. ಮೂಲನಿವಾಸಿಗಳಲ್ಲೂ ಬಹಳ ಮಂದಿಯ ಬಳಿ ಇದ್ದದ್ದು ಬಿಲ್ಲು ಬಾಣ, ಹಳೆಯ ಕೋವಿಗಳೇ ಎಂಬುದನ್ನೂ ಮರೆಯಬಾರದು.

ದಕ್ಷಿಣದ ರಾಜ್ಯಗಳ ಕರಿಯರಿಗೆ ಈ ಬಂದೂಕು ಬೇರೆಯದೇ ಅರ್ಥ ಕೊಟ್ಟಿತು. 1892ರ ಮಾರ್ಚ್‌ನಲ್ಲಿ ಮೆಂಫಿಸ್ ನಗರದಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದ ಮೂವರು ಕರಿಯರನ್ನು ಬಿಳಿಯರ ಗುಂಪು ಜೈಲಿನಿಂದ ಎಳೆದೊಯ್ದು ಕೊಂದಿತು. ಅವರಲ್ಲೊಬ್ಬನ ಸ್ನೇಹಿತೆಯಾಗಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್, ಅದೇ ವರ್ಷ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ ಕರಿಯರ ಪ್ರತಿ ಮನೆಯಲ್ಲೂ ವಿಂಚೆಸ್ಟರ್ ರೈಫಲ್‌ಗೆ ಗೌರವದ ಜಾಗ ಸಿಗಬೇಕೆಂಬ ಅರ್ಥದಲ್ಲಿ ಬರೆದರು. ಕಾನೂನು ಕೊಡದ ರಕ್ಷಣೆಯನ್ನು ಅಂಗಡಿಯಿಂದ ಕೊಳ್ಳಬೇಕಾದ ಸ್ಥಿತಿ ಅದು. ಆ ಮಾತಿಗೆ ಅರ್ಥ ಬಂದದ್ದು ಬಡ ಕುಟುಂಬವೂ ಹೇಗಾದರೂ ಹೊಂದಿಸಬಹುದಾದ ಬೆಲೆಗೆ ಬಂದೂಕು ಇಳಿದಿದ್ದರಿಂದ. ಇದೇ ದಿನಗಳಲ್ಲಿ ನಮ್ಮಲ್ಲಿ ವೈಸ್‌ರಾಯ್ ಲಿಟ್ಟನ್ ತಂದ 1878ರ ಶಸ್ತ್ರಾಸ್ತ್ರ ಕಾಯ್ದೆ ಜಾರಿಯಲ್ಲಿತ್ತು. ಯುರೋಪಿಯನ್ನರಿಗೆ ವಿನಾಯಿತಿ, ಕೊಡವರಂಥ ಕೆಲವರನ್ನು ಬಿಟ್ಟರೆ ಭಾರತೀಯನಿಗೆ ಪರವಾನಗಿಯಿಲ್ಲದೆ ಕೋವಿ ನಿಷಿದ್ಧ. ಇಲ್ಲಿ ಅಡ್ಡಿಯಾಗಿದ್ದದ್ದು ಬೆಲೆಯಲ್ಲ.

ಯೂಟಾ ರಾಜ್ಯದ ಆಗ್ಡೆನ್ ಊರಿನ ಜಾನ್ ಬ್ರೌನಿಂಗ್ ಎಂಬ ಪ್ರತಿಭಾವಂತ ರೂಪಿಸಿಕೊಟ್ಟ 1894ರ ಮಾದರಿಯೊಂದಿಗೆ ಈ ಬಂದೂಕು ನಿಜವಾಗಿ ಮನೆಮನೆಯ ವಸ್ತುವಾಯಿತು. ಸಿಯರ್ಸ್ ಕಂಪನಿಯ ದಪ್ಪ ಕ್ಯಾಟಲಾಗಿನಲ್ಲಿ ನೇಗಿಲು, ಹೊಲಿಗೆ ಯಂತ್ರ, ಮಕ್ಕಳ ಬೂಟುಗಳ ಜೊತೆ ರೈಫಲ್ಲೂ ಇರುತ್ತಿತ್ತು. ಹಣ ಕಳಿಸಿದರೆ ಅಂಚೆಯಲ್ಲೋ ರೈಲಿನಲ್ಲೋ ಬರುತ್ತಿತ್ತು. ಹತ್ತು ಲಕ್ಷದ '94' 1927ರಲ್ಲಿ ಅಧ್ಯಕ್ಷ ಕೂಲಿಜ್‌ಗೆ ಉಡುಗೊರೆಯಾಯಿತು; ಇಪ್ಪತ್ತು ಲಕ್ಷದ್ದು 1953ರಲ್ಲಿ ಐಸೆನ್‌ಹೋವರ್‌ಗೆ.

ಇದರ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಗುಂಡಿನ ತುದಿ ಚೂಪಾಗಿದ್ದರೆ ಅದು ಮುಂದಿನ ತೋಟಾದ ಸಿಡಿಬಿಂದುವಿಗೆ ತಗುಲಿ ಒಳಗೇ ಸ್ಫೋಟವಾಗುವ ಅಪಾಯ. ಹಾಗಾಗಿ ಮೊಂಡು ಮೂಗಿನ ಗುಂಡೇ ಗತಿ, ಅದು ಬಹು ದೂರಕ್ಕೆ ನೇರ ಹೋಗದು. ಇದನ್ನು ತಪ್ಪಿಸಲು ಬ್ರೌನಿಂಗ್ 1895ರ ಮಾದರಿಗೆ ಕೊಳವೆಯ ಬದಲು ಪೆಟ್ಟಿಗೆ ಇಟ್ಟ. ಈ 1895ರ ವಿಂಚೆಸ್ಟರ್ ಕನ್ನಡ ಓದುಗರಿಗೆ ಪರೋಕ್ಷವಾಗಿ ಪರಿಚಿತ. ಬೆಂಗಳೂರಿನ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಅಲೆಯುವಾಗ ಹೆಗಲಲ್ಲಿದ್ದದ್ದು ಇದೇ ಮಾದರಿಯ .405 ರೈಫಲ್. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಓದಿದವರು ಆ ಬಂದೂಕಿನ ಸದ್ದನ್ನು ಕೇಳಿಯೇ ಇದ್ದಾರೆ.

ಅಂಚೆಯಲ್ಲಿ ಬಂದೂಕು ತರಿಸುವ ಕಾಲ 1968ರಲ್ಲಿ ಮುಗಿಯಿತು. 1963ರಲ್ಲಿ ಅಧ್ಯಕ್ಷ ಕೆನೆಡಿಯನ್ನು ಕೊಂದ ಬಂದೂಕು ಲಿವರಿನದಲ್ಲ, ಇಟಲಿಯ ಬೋಲ್ಟ್ ರೈಫಲ್. ಆದರೆ ಬಂದದ್ದು ಅಂಚೆಯಲ್ಲಿ, ದೂರದರ್ಶಕ ಸಮೇತ 19 ಡಾಲರ್ 95 ಸೆಂಟ್‌ಗೆ. ಹೊಸ ಕಾಯ್ದೆಯ ನಂತರ ಬೇರೆ ರಾಜ್ಯದಿಂದ ಬಂದೂಕು ತರಿಸುವವನು ಪರವಾನಗಿದಾರ ಅಂಗಡಿಗೆ ಹೋಗಿ, ನಮೂನೆ ತುಂಬಿ ಪಡೆಯಬೇಕಾಯಿತು.

ಅಷ್ಟರಲ್ಲಿ ಬೆಲೆಯೇ ಈ ಬಂದೂಕಿಗೆ ಮುಳುವಾಗತೊಡಗಿತ್ತು. ಕುಶಲ ಕೆಲಸಗಾರರ ಕೂಲಿ ಏರಿದಂತೆ 1964ರಲ್ಲಿ ವಿಂಚೆಸ್ಟರ್ ಖರ್ಚು ತಗ್ಗಿಸಲು ಹೊರಟಿತು. ಉಕ್ಕನ್ನು ಕಡೆದು ಮಾಡುತ್ತಿದ್ದ ಭಾಗಗಳ ಬದಲು ತಗಡು ಒತ್ತಿ ಮಾಡಿದ ಭಾಗಗಳು, ಗಟ್ಟಿ ಮೊಳೆಗಳ ಬದಲು ಟೊಳ್ಳು ಮೊಳೆಗಳು ಬಂದವು. ಹೊಡೆತದಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಆದರೆ ಲಿವರ್ ಎಳೆದಾಗ ಗಡಗಡ ಎನ್ನುವ ಬಂದೂಕನ್ನು ಗಿರಾಕಿ ನಂಬಲಿಲ್ಲ. ಇಂದಿಗೂ ಹಳೆಯ '94' ಕೊಳ್ಳುವವನು ಮೊದಲು ಕೇಳುವ ಪ್ರಶ್ನೆ '64ಕ್ಕೆ ಮುಂಚಿನದೋ, ನಂತರದ್ದೋ' ಎಂಬುದೇ. 2006ರಲ್ಲಿ ನ್ಯೂ ಹೇವನ್ ಕಾರ್ಖಾನೆಗೆ ಬೀಗ ಬಿತ್ತು. ಮುಂದೆ ಅದೇ ಹೆಸರಿನ '94' ಜಪಾನಿನ ಮಿರೊಕು ಕಾರ್ಖಾನೆಯಿಂದ ಬರತೊಡಗಿತು, ನಯವಾಗಿ, ದುಬಾರಿಯಾಗಿ. ಪ್ರತಿಸ್ಪರ್ಧಿ ಮಾರ್ಲಿನ್ ಕಂಪನಿಯೂ ಕೈ ಬದಲಾಯಿಸುತ್ತ 2020ರಲ್ಲಿ ರೂಗರ್ ಪಾಲಾಯಿತು. 2021ರ ಕೊನೆಗೆ ಅದರ ಮೊದಲ ಹೊಸ ರೈಫಲ್ ಹೊರಬಂದಾಗ ಬೆಲೆ 1,000 ಡಾಲರ್ ದಾಟಿತ್ತು.

ಹೀಗಾಗಿ ಸಾಧಾರಣ ಬೆಲೆಯ ಲಿವರ್ ರೈಫಲ್ ಬೇಕೆನ್ನುವ ಅಮೆರಿಕನ್ನನ ಮುಂದೆ ಮೂರು ದಾರಿಗಳು ಉಳಿದಿವೆ. ಒಂದು, ಬ್ರೆಜಿಲ್‌ನ ರೊಸ್ಸಿ ಕಂಪನಿ ತಯಾರಿಸುವ 1892ರ ನಕಲು. ಇನ್ನೊಂದು, ಹಳೆಯ ಹೆನ್ರಿಯ ಹೆಸರನ್ನು ಮಾತ್ರ ತೆಗೆದುಕೊಂಡು 1990ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರುವಾದ ಕಂಪನಿಯ .22 ಅಳತೆಯ ಪುಟ್ಟ ರೈಫಲ್. ಅದರ ಮೈ ಉಕ್ಕಿನದಲ್ಲ, ಸತುವಿನ ಮಿಶ್ರಲೋಹದ್ದು. ಮೂರನೆಯದು, ಗಿರವಿ ಅಂಗಡಿಗಳಲ್ಲಿ ಸಿಗುವ ಬೇನಾಮಿ ಬಂದೂಕುಗಳು. ಬೇಸ್‌ಬಾಲ್ ತಾರೆ ಟೆಡ್ ವಿಲಿಯಮ್ಸ್ ಹೆಸರಿನಲ್ಲಿ ಸಿಯರ್ಸ್ ಮಾರಿದ್ದು ವಾಸ್ತವದಲ್ಲಿ ವಿಂಚೆಸ್ಟರ್ '94'. ಗ್ಲೆನ್‌ಫೀಲ್ಡ್ ಎಂಬ ಹೆಸರಿನದು ಮಾರ್ಲಿನ್ನೇ. ವಾಲ್ನಟ್ ಮರದ ಬದಲು ಅಗ್ಗದ ಮರಕ್ಕೆ ಬಣ್ಣ ಬಳಿದಿರುತ್ತದೆ ಅಷ್ಟೆ.

ಇಂಥದನ್ನು ಕೊಳ್ಳುವವನು ಪರೀಕ್ಷಿಸುವ ಕ್ರಮವೂ ಸರಳ. ಮೊದಲು ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು ಲಿವರನ್ನು ನಿಧಾನವಾಗಿ ಆಡಿಸಿ ಎಲ್ಲಿ ಹಿಡಿಯುತ್ತದೆ ಎಂದು ನೋಡುತ್ತಾನೆ. ಬೆಳಕಿಗೆ ಹಿಡಿದು ನಳಿಗೆಯೊಳಗೆ ಇಣುಕುತ್ತಾನೆ. ತಿರುಪುಮೊಳೆಗಳ ತಲೆ ಸವೆದಿದ್ದರೆ ಹಿಂದಿನ ಒಡೆಯ ಬಿಚ್ಚಿ ಕೈಯಾಡಿಸಿದ್ದಾನೆಂದು ಅರ್ಥ. ಆಮೇಲೆ ಗುರಿಮೈದಾನದಲ್ಲಿ ಮೇಜಿಗೆ ಮೊಣಕೈ ಊರಿ, 50 ಗಜ ದೂರದ ಕಾಗದಕ್ಕೆ ನಾಲ್ಕೈದು ಗುಂಡು ಹೊಡೆದು ತೂತುಗಳು ಎಷ್ಟು ಹತ್ತಿರ ಬಿದ್ದಿವೆ ಎಂದು ಅಳೆಯುತ್ತಾನೆ. ರೊಸ್ಸಿಯ ಸ್ಪ್ರಿಂಗ್‌ಗಳು ಬಿಗಿ ಎಂಬ ದೂರು ಹಳೆಯದು. ಬಿಡುವಿನ ದಿನ ಮನೆಯಲ್ಲಿ ಕೂತು ಅವನ್ನು ಬದಲಿಸಿ, ಒಳಭಾಗಗಳನ್ನು ನಯಗೊಳಿಸುವವರು ಬಹಳ. ನೆವಾಡದ ಮರದಡಿ ಸಿಕ್ಕ ಬಂದೂಕಿನ ವರ್ಷವಾದ 1882ರಲ್ಲಿ ಕಾರ್ಖಾನೆಯ ಕಸುಬುದಾರ ಮಾಡಿಯೇ ಕಳಿಸುತ್ತಿದ್ದ ಕೆಲಸ ಇದು. ಆಗ ಅದು 25 ಡಾಲರಿನೊಳಗೇ ಸೇರಿತ್ತು.