ಉಪ್ಪಿನ ನಾಡು ಎಬೋನ್ಯಿ

ನಾನು ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನವನ್ನು ಬೋಧಿಸುತ್ತಿದ್ದ ಕಾಲದಲ್ಲಿ ಆಫ್ರಿಕಾ ಖಂಡಕ್ಕೆ ಪಠ್ಯದಲ್ಲಿ ದೊರೆಯುತ್ತಿದ್ದುದು ಕೆಲವೇ ಪುಟಗಳು. ಅದರಲ್ಲಿ ನೈಜೀರಿಯಾಕ್ಕೆ ಒಂದು ಪ್ಯಾರಾ. ತಾಳೆ ಎಣ್ಣೆ, ಕೋಕೋ, ತವರ, ಪೆಟ್ರೋಲಿಯಂ ಎಂಬ ನಾಲ್ಕು ಪದಗಳನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕಾಗುತ್ತಿತ್ತು. ನಿಮ್ಮಲ್ಲಿ ಹಲವರು ಆ ನಾಲ್ಕು ಪದಗಳನ್ನು ನನ್ನೆದುರು ಒಪ್ಪಿಸಿದವರೇ. ನಿವೃತ್ತಿಯ ಬಿಡುವಿನಲ್ಲಿ ಆ ದೇಶದ ಬಗೆಗೆ ಓದುತ್ತಾ ಹೋದಂತೆ, ಅದರ ಆಗ್ನೇಯ ಭಾಗದ ಎಬೋನ್ಯಿ ಎಂಬ ಪುಟ್ಟ ರಾಜ್ಯವು ನನ್ನ ಮನಸ್ಸನ್ನು ಹಿಡಿದುಕೊಂಡಿದೆ. ಅದು ಹೆಸರಾದದ್ದು ಉಪ್ಪಿಗೆ, ಹೆಗ್ಗೆಣಸಿಗೆ, ಭತ್ತಕ್ಕೆ. ಜೊತೆಗೆ ಬಹುಕಾಲ ನೆರೆಹೊರೆಯವರ ತಾತ್ಸಾರಕ್ಕೆ.

ರಾಜ್ಯವು ರಚನೆಯಾದದ್ದು 1996ರ ಅಕ್ಟೋಬರ್ 1ರಂದು, ಜನರಲ್ ಸಾನಿ ಅಬಾಚಾ ಅವರ ಸೈನಿಕ ಆಡಳಿತದಲ್ಲಿ. ಉತ್ತರಕ್ಕೆ ಬೆನುವೆ, ಪೂರ್ವಕ್ಕೆ ಕ್ರಾಸ್ ರಿವರ್, ಪಶ್ಚಿಮಕ್ಕೆ ಎನುಗು, ದಕ್ಷಿಣಕ್ಕೆ ಅಬಿಯಾ ರಾಜ್ಯಗಳಿವೆ. ರಾಜಧಾನಿ ಅಬಕಾಲಿಕಿ. 2006ರ ಜನಗಣತಿಯಂತೆ (ಆ ದೇಶದಲ್ಲಿ ಬಳಿಕ ಜನಗಣತಿಯೇ ನಡೆದಿಲ್ಲ) ಇಲ್ಲಿನ ಜನಸಂಖ್ಯೆ 21,76,947. ಬಹುಪಾಲು ಜನರು ಇಗ್ಬೊಗಳು. ಆದರೆ ಇಝಿ, ಎಝಾ, ಇಕ್ವೊ ಪಂಗಡಗಳವರ ಮಾತು ಉಳಿದ ಇಗ್ಬೊಗಿಂತ ಎಷ್ಟು ಭಿನ್ನವೆಂದರೆ, ಭಾಷಾವಿಜ್ಞಾನಿಗಳು ಅದನ್ನು ಬೇರೆ ಭಾಷೆಯೆಂದೇ ಎಣಿಸುವುದುಂಟು. ಇಗ್ಬೊ ಅಲ್ಲದ ಕೊರಿಂಗ್ ಎಂಬ ನುಡಿಯನ್ನಾಡುವವರೂ ಇಲ್ಲಿದ್ದಾರೆ.

ಬ್ರಿಟಿಷರ ಕಾಲದಲ್ಲಿ ಅಬಕಾಲಿಕಿ ಮತ್ತು ಅಫಿಕ್ಪೊ ಎಂಬ ಎರಡು ವಿಭಾಗಗಳು ಒಗೋಜಾ ಪ್ರಾಂತದಲ್ಲಿ ಒಟ್ಟಿಗಿದ್ದವು. 1976ರಲ್ಲಿ ರಾಜ್ಯಗಳನ್ನು ಪುನರ್ವಿಂಗಡಿಸಿದಾಗ ಅಬಕಾಲಿಕಿಯು ಅನಂಬ್ರಾಕ್ಕೂ ಅಫಿಕ್ಪೊ ಇಮೊ ರಾಜ್ಯಕ್ಕೂ ಹೋದವು. 1991ರಲ್ಲಿ ಮತ್ತೆ ಒಂದು ಎನುಗುವಿಗೆ, ಇನ್ನೊಂದು ಅಬಿಯಾಕ್ಕೆ. ಎಲ್ಲಿಗೆ ಹೋದರೂ ಅವು ಅಂಚಿನ ಸೀಮೆಗಳೇ. ಇಲ್ಲಿನವರು ಕೂಲಿಗಾಗಿ, ಮನೆಗೆಲಸಕ್ಕಾಗಿ ಎನುಗು, ಒನಿಟ್ಶಾ ಮುಂತಾದ ಪಟ್ಟಣಗಳಿಗೆ ಹೋಗುತ್ತಿದ್ದರು. ಪಟ್ಟಣದವರ ಬಾಯಲ್ಲಿ 'ಅಬಕಾಲಿಕಿಯವನು' ಎಂಬುದು ಹೀಯಾಳಿಕೆಯ ಮಾತಾಯಿತು. ಸ್ವಂತ ರಾಜ್ಯದ ಬೇಡಿಕೆಯ ಹಿಂದೆ ಆಡಳಿತದ ಅನುಕೂಲಕ್ಕಿಂತ ಈ ನೋವೇ ಹೆಚ್ಚಾಗಿದ್ದಿತೆಂದು ನನ್ನ ಎಣಿಕೆ.

ಇನ್ನು ಉಪ್ಪಿನ ವಿಚಾರ. ಕಡಲು ಇಲ್ಲಿಗೆ ಬಹುದೂರ. ಆದರೂ ಉಬುರು ಮತ್ತು ಒಕ್ಪೊಸಿ ಎಂಬ ಊರುಗಳಲ್ಲಿ ಉಪ್ಪುನೀರಿನ ಕೊಳಗಳಿವೆ. ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಈ ಪ್ರದೇಶವು ಸಮುದ್ರದಡಿ ಇದ್ದಿತು. ಅಂದು ಶೇಖರವಾದ ಜೇಡಿಶಿಲೆಯ ಸ್ತರಗಳಿಂದಲೇ ಲವಣಜಲವು ಇಂದಿಗೂ ಒಸರುತ್ತದೆ. ಸೀಸ ಮತ್ತು ಸತುವಿನ ಅದಿರು ದೊರೆಯುವುದೂ ಅದೇ ಶಿಲೆಗಳ ನಡುವೆ. ಮಳೆಗಾಲದಲ್ಲಿ ಕೊಳದ ನೀರು ತೆಳುವಾಗುವುದರಿಂದ ಉಪ್ಪು ಮಾಡುವುದೇನಿದ್ದರೂ ಬೇಸಗೆಯಲ್ಲಿ. ನೀರನ್ನು ತಂದು, ಸೌದೆಯ ಒಲೆಯ ಮೇಲೆ ಇಂಗುವತನಕ ಕುದಿಸಿ, ಉಳಿದ ಉಪ್ಪನ್ನು ಸಂಗ್ರಹಿಸುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ ಈ ಕಸುಬು ಹೆಂಗಸರದ್ದು. ತಾಯಿಯಿಂದ ಮಗಳಿಗೆ ಬಂದ ವಿದ್ಯೆ ಇದು.

ಈ ಉಪ್ಪಿನಿಂದಾಗಿಯೇ ಉಬುರುವಿನ ಸಂತೆ ದೂರದೂರದ ವ್ಯಾಪಾರಿಗಳನ್ನು ಸೆಳೆಯಿತು. ಆರೊ ಎಂಬ ವರ್ತಕ ಸಮುದಾಯದ ಹಿಡಿತದಲ್ಲಿದ್ದ ಆ ಸಂತೆಯಲ್ಲಿ ಉಪ್ಪಿನೊಡನೆ ಮನುಷ್ಯರೂ ಮಾರಾಟವಾಗುತ್ತಿದ್ದರೆಂಬುದನ್ನು ಮರೆಮಾಚುವಂತಿಲ್ಲ. 1901-02ರಲ್ಲಿ ಬ್ರಿಟಿಷರು ದಂಡೆತ್ತಿ ಹೋಗಿ ಆರೊಗಳ ಬಲವನ್ನು ಮುರಿದರು. ಆನಂತರ ಬಂದರುಗಳ ಮೂಲಕ ಅಗ್ಗದ ವಿದೇಶಿ ಉಪ್ಪು ಒಳನಾಡಿಗೆ ಹರಿದು ಬಂದು, ಹೆಂಗಸರ ಒಲೆಗಳು ಒಂದೊಂದಾಗಿ ಆರತೊಡಗಿದವು.

ಆ ಒಲೆಗಳು ಮತ್ತೆ ಹೊತ್ತಿಕೊಂಡದ್ದು ದುರ್ದಿನಗಳಲ್ಲಿ. 1967ರ ಮೇ ತಿಂಗಳಲ್ಲಿ ಪೂರ್ವ ಪ್ರಾಂತವು ಬಿಯಾಫ್ರಾ ಎಂಬ ಹೆಸರಿನಿಂದ ಪ್ರತ್ಯೇಕತೆಯನ್ನು ಘೋಷಿಸಿತು. ಕೇಂದ್ರ ಸರಕಾರವು ದಿಗ್ಬಂಧನ ವಿಧಿಸಿತು. 1970ರ ಜನವರಿಯಲ್ಲಿ ಯುದ್ಧ ಮುಗಿಯುವುದರೊಳಗೆ ಲಕ್ಷಾಂತರ ಜನರು, ಅವರಲ್ಲೂ ಮಕ್ಕಳು, ಹಸಿವಿನಿಂದ ಸತ್ತರು. ಹೊರಗಿನ ಉಪ್ಪು ನಿಂತುಹೋದಾಗ ಜನರಿಗೆ ನೆನಪಾದದ್ದು, ತಾವು ಹೀಯಾಳಿಸುತ್ತಿದ್ದ ಸೀಮೆಯ ಈ ಕೊಳಗಳು! ಚಿಟಿಕೆ ಉಪ್ಪಿಗೂ ಬೆಲೆ ಬಂದ ಆ ದಿನಗಳಲ್ಲಿ ಉಬುರು, ಒಕ್ಪೊಸಿಗಳ ಹೆಂಗಸರು ಎಷ್ಟೋ ಮನೆಗಳ ಅಡುಗೆಗೆ ಆಸರೆಯಾದರು.

ಅಫಿಕ್ಪೊ ಬಳಿಯ ಉನ್ವಾನಾದಲ್ಲಿ 1906ರಲ್ಲಿ ಹುಟ್ಟಿದ ಅಕಾನು ಇಬಿಯಾಂ ಅವರನ್ನು ಇಲ್ಲಿ ಸ್ಮರಿಸಲೇಬೇಕು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ವೈದ್ಯಶಾಸ್ತ್ರ ಕಲಿತು, ಹಿಂದಿರುಗಿ ಹಳ್ಳಿಗಾಡಿನ ಮಿಷನ್ ಆಸ್ಪತ್ರೆಗಳಲ್ಲಿ ದುಡಿದವರು. ಸ್ವಾತಂತ್ರ್ಯಾನಂತರ ಪೂರ್ವ ಪ್ರಾಂತದ ರಾಜ್ಯಪಾಲರಾದವರು. ಬ್ರಿಟನ್ನು ಯುದ್ಧದಲ್ಲಿ ನೈಜೀರಿಯಾ ಸರಕಾರವನ್ನು ಬೆಂಬಲಿಸಿದ್ದನ್ನು ಪ್ರತಿಭಟಿಸಿ 1967ರಲ್ಲಿ ತಮ್ಮ 'ಸರ್' ಪದವಿಯನ್ನು ಹಿಂದಿರುಗಿಸಿದರು. ಫ್ರಾನ್ಸಿಸ್ ಎಂಬ ಇಂಗ್ಲಿಷ್ ಹೆಸರನ್ನೂ ತೊರೆದರು. 1919ರಲ್ಲಿ ನಮ್ಮ ರವೀಂದ್ರನಾಥರು ನೈಟ್ ಪದವಿಯನ್ನು ತ್ಯಜಿಸಿದ್ದನ್ನು ತರಗತಿಯಲ್ಲಿ ಹೇಳುವಾಗ ಈ ಇನ್ನೊಬ್ಬರ ಹೆಸರನ್ನೂ ಹೇಳುವ ಅವಕಾಶ ನನಗಿದ್ದಿದ್ದರೆ ಎಂದು ಈಗ ಅನ್ನಿಸುತ್ತದೆ.

ಬೇಸಾಯದ ಮಾತಿಗೆ ಬರೋಣ. ಇಂಗ್ಲಿಷಿನ 'ಯಾಮ್' ಎಂದೊಡನೆ ನಮ್ಮವರಿಗೆ ತೋರುವುದು ಸುವರ್ಣಗಡ್ಡೆ. ಇಗ್ಬೊಗಳ ಯಾಮ್ ಅದಲ್ಲ, ಬಳ್ಳಿಯಲ್ಲಿ ಬಿಡುವ ಹೆಗ್ಗೆಣಸಿನ ಜಾತಿ. ಜಗತ್ತಿನ ಈ ಬೆಳೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೈಜೀರಿಯಾ ಒಂದರಲ್ಲೇ ಬೆಳೆಯುತ್ತದೆ. ಅಬಕಾಲಿಕಿಯ ಜಿಗುಟು ಮಣ್ಣಿನಲ್ಲಿ ಮಳೆನೀರು ನಿಲ್ಲುವುದರಿಂದ, ರೈತರು ಎತ್ತರದ ಮಣ್ಣುಗುಡ್ಡೆಗಳನ್ನು ಗುದ್ದಲಿಯಿಂದಲೇ ಏರಿಸಿ ಅದರ ಮೇಲೆ ಗೆಡ್ಡೆಯನ್ನು ನೆಡುತ್ತಾರೆ. ಹೊಸ ಗೆಣಸಿನ ಹಬ್ಬಕ್ಕೆ ಮುನ್ನ ಹೊಸ ಬೆಳೆಯನ್ನು ತಿನ್ನಬಾರದೆಂಬುದು ಸಂಪ್ರದಾಯ. ಅಫಿಕ್ಪೊದಲ್ಲಿ ಮತ್ತೊಂದು ವಿಶೇಷವಿದೆ: ವಾಸವು ತಂದೆಯ ಕುಲದವರೊಡನೆ, ಆದರೆ ಸಾಗುವಳಿಯ ಭೂಮಿಯಲ್ಲಿ ಬಹುಭಾಗ ತಾಯಿಯ ಕುಲದ್ದು. ಕರಾವಳಿಯ ನಮ್ಮ ಬಂಧುಗಳಿಗೆ ಅಳಿಯಸಂತಾನವು ನೆನಪಾಗದಿರದು. ಅಮೆರಿಕದ ಮಾನವಶಾಸ್ತ್ರಜ್ಞ ಸೈಮನ್ ಆಟನ್‌ಬರ್ಗ್ ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ.

ಈ ಗದ್ದೆಹೊಲಗಳ ದೊಡ್ಡ ಶತ್ರು ನಾರುಹುಣ್ಣು. ಮೆಟ್ಟಿಲುಬಾವಿಯ ನೀರು ಕುಡಿದು ಕಾಲಿನಿಂದ ಎಳೆಯುದ್ದದ ಹುಳು ಹೊರಬರುವ ಆ ರೋಗವನ್ನು ಕರ್ನಾಟಕದ ಹಿರಿಯರೂ ಬಲ್ಲರು. ಭಾರತವು ಅದರಿಂದ ಮುಕ್ತವೆಂದು ಘೋಷಿತವಾದದ್ದು 2000ದಲ್ಲಿ. ನೈಜೀರಿಯಾದಲ್ಲಿ 1980ರ ದಶಕದ ಕೊನೆಗೆ ಆರೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದರು. ಎಬೋನ್ಯಿ ಅತಿಯಾಗಿ ನರಳಿದ ಸೀಮೆಗಳಲ್ಲೊಂದು. ರೋಗಿಯು ಹಾಸಿಗೆ ಹಿಡಿಯುತ್ತಿದ್ದುದು ಉಳುವ, ಕೊಯ್ಯುವ ಹಂಗಾಮಿನಲ್ಲೇ. ಇದರ ನಿರ್ಮೂಲನಕ್ಕಾಗಿ ಹಳ್ಳಿಹಳ್ಳಿ ಸುತ್ತಿದವರಲ್ಲಿ ಯಾಕುಬು ಗೋವೊನ್ ಪ್ರಮುಖರು. ಬಿಯಾಫ್ರಾ ವಿರುದ್ಧದ ಯುದ್ಧದಲ್ಲಿ ದೇಶದ ಮುಖ್ಯಸ್ಥರಾಗಿದ್ದವರು ಇವರೇ! 2008ರಲ್ಲಿ ಕೊನೆಯ ರೋಗಿ ಕಂಡುಬಂದು, 2013ರಲ್ಲಿ ದೇಶವು ಮುಕ್ತವಾಯಿತು.

ಭತ್ತವು ಇಲ್ಲಿಗೆ ಬಂದದ್ದು ತಡವಾಗಿ, 1940ರ ದಶಕದಲ್ಲಿ. ನೀರು ನಿಲ್ಲುವ ಅದೇ ಜಿಗುಟು ನೆಲವು ಗೆಣಸಿಗೆ ತೊಡಕಾದರೂ ಭತ್ತಕ್ಕೆ ಒಪ್ಪಿತು. ಭತ್ತವನ್ನು ಕುದಿಸಿ ಕುಸುಬಲಕ್ಕಿ ಮಾಡುವುದೇ ಅಲ್ಲಿಯ ಪದ್ಧತಿ. 'ಅಬಕಾಲಿಕಿ ಅಕ್ಕಿ' ರುಚಿಗೆ ಹೆಸರಾಗಿತ್ತು, ಕಲ್ಲಿಗೂ ಹೆಸರಾಗಿತ್ತು. ಪಟ್ಟಣದವರು ಥಾಯ್ಲೆಂಡಿನ, ನಮ್ಮ ಭಾರತದ ಹೊಳೆಯುವ ಅಕ್ಕಿಯನ್ನೇ ಆರಿಸುತ್ತಿದ್ದರು. ಕ್ರಮೇಣ ಕಲ್ಲು ತೆಗೆಯುವ ಯಂತ್ರಗಳು ಬಂದವು. 2019ರ ಆಗಸ್ಟಿನಲ್ಲಿ ನೈಜೀರಿಯಾ ತನ್ನ ಗಡಿಗಳನ್ನು ಮುಚ್ಚಿ, 2020ರ ಡಿಸೆಂಬರಿನವರೆಗೆ ವಿದೇಶಿ ಅಕ್ಕಿಯ ಕಳ್ಳಸಾಗಣೆಯನ್ನು ತಡೆದಾಗ, ಅಬಕಾಲಿಕಿಯ ಗಿರಣಿಗಳತ್ತ ಲಾರಿಗಳು ಬಂದು ನಿಂತವು. ಅಕ್ಕಿಯ ಬೆಲೆಯೂ ಏರಿತು. ಬಡವರಿಗೆ ಅದು ಸುಖದ ಸುದ್ದಿಯೇನಲ್ಲ. ಆ ಗಿರಣಿಗಳ ಹಿಂದೆ ದಶಕಗಳಿಂದ ಸುರಿದ ಹೊಟ್ಟು ಗುಡ್ಡಗಳಂತೆ ಬೆಳೆದಿದೆ. ಅದನ್ನು ಗೊಬ್ಬರವಾಗಿಯೋ ಉರುವಲಾಗಿಯೋ ಬಳಸಬಹುದೆಂದು ಅಲ್ಲಿಯ ವಿಶ್ವವಿದ್ಯಾಲಯದವರು ಲೇಖನ ಬರೆಯುತ್ತಿದ್ದಾರೆ. ಉಬುರುವಿನ ಉಪ್ಪಿನ ಒಲೆಗೆ ಅದು ಒದಗೀತೇ ಎಂದು ನನಗೆ ಕುತೂಹಲ. ವಿಜ್ಞಾನ ಓದಿದ ಶಿಷ್ಯರು ಯಾರಾದರೂ ತಿಳಿಸಿದರೆ ಸಂತೋಷ.