ಬಾರ್ಶಿಯ ಜ್ವರ, ಅಕ್ಕಲಕೋಟೆಯ ‘ನರ’: ಉಳಿದುಹೋಗುವ ನೋವಿನ ಬಗ್ಗೆ ಒಂದು ಟಿಪ್ಪಣಿ

1. ವ್ಯಾಪ್ತಿ

ಚಿಕೂನ್‌ಗುನ್ಯಾ ಜ್ವರ ಇಳಿದ ಮೇಲೂ ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋವು ಉಳಿಯುತ್ತದೆ. ಅದರಲ್ಲಿ ನರಮಂಡಲದ ಉರಿಯೂತದ ಪಾಲಿದೆಯೇ? ಸೊಲ್ಲಾಪುರ ಜಿಲ್ಲೆಯ ಮಟ್ಟಿಗೆ ಈ ಪ್ರಶ್ನೆಗೆ ಯಾವ ಆಧಾರ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದಷ್ಟೇ ಇಲ್ಲಿಯ ವಿಷಯ.

2. ಎರಡು ಪಿಡುಗು, ಎರಡು ತಳಿ

ಈ ಜಿಲ್ಲೆಯ ಬಾರ್ಶಿಯಲ್ಲಿ 1973ರಲ್ಲಿ ಚಿಕೂನ್‌ಗುನ್ಯಾ ಹಬ್ಬಿತು. ಪದ್ಬಿದ್ರಿ ಮತ್ತು ಜ್ಞಾನೇಶ್ವರ್ 1979ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಕಾಯಿಲೆ ಬಿದ್ದವರ ಪ್ರಮಾಣ ಶೇ. 37.5. ಇದು ತೀವ್ರ ಹಂತದ ಲೆಕ್ಕ. ಉಳಿದುಹೋದ ನೋವಿನ ಪ್ರಮಾಣವೆಂದು ಇದನ್ನು ಬಳಸುವಂತಿಲ್ಲ.

1963ರ ಕಲ್ಕತ್ತಾ ಮತ್ತು 1973ರ ಬಾರ್ಶಿಯ ವೈರಾಣು ಏಷ್ಯಾ ತಳಿಯವು. 2005–06ರಲ್ಲಿ ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಹಬ್ಬಿದ್ದು ಆಫ್ರಿಕಾ ತಳಿ. 2006ರಲ್ಲಿ ದೇಶದಲ್ಲಿ ದಾಖಲಾದ ಶಂಕಿತ ಪ್ರಕರಣಗಳು 13 ಲಕ್ಷಕ್ಕೂ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. 1973 ಮತ್ತು 2005ರ ನಡುವೆ ವೈರಾಣು ಇಲ್ಲವಾಗಿತ್ತು ಎಂಬ ಮಾತನ್ನು ತುಸು ತಿದ್ದಬೇಕು: ಪುಣೆ–ಸೊಲ್ಲಾಪುರ ರಸ್ತೆಯ ಯವತದಲ್ಲಿ 2000ದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಆಫ್ರಿಕಾ ತಳಿಯೇ ಸಿಕ್ಕಿತ್ತು.

ಚಿಕೂನ್‌ಗುನ್ಯಾ ನೋವಿನ ಬಗ್ಗೆ ಇಲ್ಲಿ ಬಳಸಿದ ಅಧ್ಯಯನಗಳು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದವು. ಅಲ್ಲಿಯದೂ ಆಫ್ರಿಕಾ ತಳಿ. ಆದ್ದರಿಂದ ಅಲ್ಲಿಯ ಫಲಿತಾಂಶಗಳನ್ನು 2006ರ ರೋಗಿಗಳಿಗೆ ಎಚ್ಚರದಿಂದ ಅನ್ವಯಿಸಬಹುದು. ಬಾರ್ಶಿಯ 1973ರ ರೋಗಿಗಳಿಗೆ ಅನ್ವಯಿಸುವುದು ಕಷ್ಟ.

3. ಕೀಲು, ನರ, ಮಿದುಳು

ಈ ಮೂರೂ ಕಡೆಯ ಆಧಾರಗಳನ್ನು ಬೆರೆಸಬಾರದು. ಕೀಲಿನ ಆಧಾರ ಹೆಚ್ಚು ನೇರ: ರಿಯೂನಿಯನ್‌ನ ಒಬ್ಬ ರೋಗಿಯ ಕೀಲಿನ ಒಳಪೊರೆಯಲ್ಲಿ 18 ತಿಂಗಳ ನಂತರವೂ ವೈರಾಣುವಿನ ಆರ್‌ಎನ್‌ಎ ಕಂಡಿತು. ಆದರೆ ಅದು ಒಬ್ಬರದೇ.

ನರದ ಆಧಾರ ಪರೋಕ್ಷ. ರಿಯೂನಿಯನ್ ರೋಗಿಗಳ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ರೋಗಿಗಳ ನೋವಿಗೆ ನರಜನ್ಯ (ನರದ ತೊಂದರೆಯಿಂದ ಬರುವ ನೋವಿನ) ಲಕ್ಷಣಗಳಿದ್ದವು. ನರಜನ್ಯ ಲಕ್ಷಣವೆಂದರೆ ನರದ ಉರಿಯೂತವೇ ಎಂದಾಗದು.

ಮಿದುಳಿನ ಆಧಾರ ಬೇರೆ ಕಾಯಿಲೆಗಳದು. ದೀರ್ಘಕಾಲದ ಸೊಂಟನೋವಿನವರ ಮಿದುಳಿನ ಥಲಾಮಸ್ ಎಂಬ ಭಾಗದಲ್ಲಿ, ನರಮಂಡಲದ ಉರಿಯೂತದಲ್ಲಿ ಚುರುಕಾಗುವ ಗ್ಲಿಯಾ ಕೋಶಗಳ ಚಟುವಟಿಕೆಯ ಗುರುತು ಹೆಚ್ಚಿದ್ದನ್ನು 2015ರಲ್ಲಿ ಪೆಟ್ ಸ್ಕ್ಯಾನ್ ತೋರಿಸಿತು. ಮೈತುಂಬ ನೋವಿನ ಕಾಯಿಲೆಯಾದ ಫೈಬ್ರೊಮಯಾಲ್ಜಿಯಾದಲ್ಲಿ ಅದು 2019ರಲ್ಲಿ ಮಿದುಳಿನ ಹೊರಪದರದಲ್ಲಿ ಕಂಡಿತು. ಆ ಗುರುತು ಉರಿಯೂತಕ್ಕೇ ಮೀಸಲಾದುದಲ್ಲ. ಚಟುವಟಿಕೆ ನೋವಿನ ಕಾರಣವೋ ಪರಿಣಾಮವೋ ಎಂಬುದನ್ನೂ ಸ್ಕ್ಯಾನ್ ಹೇಳದು.

4. ‘ನರ’ ಎಂಬ ಮಾತು

ನರಜನ್ಯ ಲಕ್ಷಣಗಳ ಎಣಿಕೆಗೆ ರೋಗಿಯ ಮಾತೂ ಆಧಾರ. ಇದೇ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಆಡುಗನ್ನಡದ ‘ನರ’ದಲ್ಲಿ ನರ, ರಕ್ತನಾಳ, ಸ್ನಾಯುವಿನ ಕಟ್ಟು ಮೂರೂ ಸೇರುತ್ತವೆ, ಮರಾಠಿಯ ‘ಶೀರ್’ ಕೂಡ ಸುಮಾರು ಹಾಗೆಯೇ. ‘ನರ ಎಳೀತೈತಿ’ ಎಂದವರನ್ನು ನರಜನ್ಯ ನೋವಿನ ಪಟ್ಟಿಗೆ ಸೇರಿಸಿದರೆ ಎಣಿಕೆ ತಪ್ಪುತ್ತದೆ.

ನರಜನ್ಯ ನೋವನ್ನು ಗುರುತಿಸುವ ಡಿಎನ್4 ಪ್ರಶ್ನಾವಳಿಯಲ್ಲಿ 10 ಅಂಶಗಳಿವೆ, 4 ಅಥವಾ ಹೆಚ್ಚು ಬಂದರೆ ನರಜನ್ಯವಿರಬಹುದು ಎಂದು ಲೆಕ್ಕ. ಜುಮುಗುಟ್ಟುವುದು, ಸೂಜಿ ಚುಚ್ಚಿದಂತಾಗುವುದು ಅದರಲ್ಲಿ ಬೇರೆಬೇರೆ ಅಂಶ. ಕನ್ನಡದ ‘ಜುಮುಜುಮು’, ಮರಾಠಿಯ ‘ಮುಂಗ್ಯಾ’ (ಇರುವೆಗಳು) ಆ ಎರಡೂ ಅಂಶಗಳನ್ನು ಒಳಗೊಳ್ಳಬಹುದು. ‘ಜೋಮು’ ಎಂದರೆ ಮರಗಟ್ಟುವುದೂ ಆದೀತು. ಗಡಿ ನಾಲ್ಕಕ್ಕೇ ಇರುವಾಗ ಒಂದು ಅಂಕದ ಏರುಪೇರಿನಿಂದ ರೋಗಿಯ ವರ್ಗವೇ ಬದಲಾಗಬಹುದು. ಈ ಟಿಪ್ಪಣಿಯಲ್ಲಿ ಹೆಚ್ಚು ಒತ್ತಿ ಹೇಳಬೇಕೆನಿಸಿದ್ದು ಇದೊಂದನ್ನೇ.

5. ಕೋರಿಕೆ

ಈ ಭಾಗದಲ್ಲಿ ಪ್ರಶ್ನಾವಳಿ ತುಂಬುವವರು ಅಂಕ ಕೊಡುವ ಮೊದಲು ರೋಗಿ ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆದುಕೊಳ್ಳಬೇಕು; ಯಾವ ತಳಿಯ ಕಾಲದ ನೋವೆಂದು ತಿಳಿಯಲು ಅದು ಶುರುವಾದ ವರ್ಷವನ್ನೂ ಜೊತೆಗೆ ನಮೂದಿಸಬೇಕು.