ಪತ್ತೇದಾರಿ ಕಥೆಯ ಲಕ್ಷಣವೂ ಶಾಲೆಯ ಪಾಠವೂ

ಲಕ್ಷ್ಯ ಹುಟ್ಟಿದ ಮೇಲೆಯೇ ಲಕ್ಷಣ ಹುಟ್ಟುವುದು. ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಡ್ಯೂಪಿನ್ ಎಂಬ ಪಾತ್ರವನ್ನು ಸೃಷ್ಟಿಸಿ ಪತ್ತೇದಾರಿ ಕಥೆಗೆ ದಾರಿ ತೆರೆದನು. 1887ರಲ್ಲಿ ಕಾನನ್ ಡಾಯ್ಲನ ಷರ್ಲಾಕ್ ಹೋಮ್ಸನು ಬಂದನು. ಲಕ್ಷಣಕಾರರು ಬಂದುದು ಬಹಳ ತಡವಾಗಿ. 1928ರಲ್ಲಿ ಅಮೆರಿಕದ ವ್ಯಾನ್ ಡೈನನು ಇಪ್ಪತ್ತು ನಿಯಮಗಳನ್ನೂ ಮರುವರ್ಷ ಇಂಗ್ಲೆಂಡಿನ ರೊನಾಲ್ಡ್ ನಾಕ್ಸನು ಹತ್ತು ನಿಯಮಗಳನ್ನೂ ಪ್ರಕಟಿಸಿದರು.

ನಾಕ್ಸನು ಕ್ಯಾಥೊಲಿಕ್ ಪಾದ್ರಿ. ಬೈಬಲಿನ ದಶಾಜ್ಞೆಗಳ ಮಾದರಿಯಲ್ಲಿ ನಿಯಮಗಳನ್ನು ಕಟ್ಟಿದುದರಲ್ಲಿ ವಿನೋದವೂ ಉಂಟು. ಅಪರಾಧಿಯು ಕಥೆಯ ಆರಂಭಭಾಗದಲ್ಲಿಯೇ ಕಾಣಿಸಿಕೊಂಡಿರಬೇಕು. ಅತಿಮಾನುಷ ಶಕ್ತಿಗೆ ಪ್ರವೇಶವಿಲ್ಲ. ಯಾರೂ ಅರಿಯದ ವಿಷ ಕೂಡದು. ಮುನ್ಸೂಚನೆಯಿಲ್ಲದೆ ಅವಳಿಗಳನ್ನು ತರಬಾರದು. ಪತ್ತೇದಾರನಿಗೆ ಸಿಕ್ಕಿದ ಸುಳಿವು ಆ ಕ್ಷಣವೇ ವಾಚಕನಿಗೂ ಸಿಕ್ಕಬೇಕು. ಚೀನೀಯನು ಕಥೆಯಲ್ಲಿರಬಾರದೆಂಬ ಐದನೆಯ ನಿಯಮವು ಇಂದಿನ ವಿದ್ಯಾರ್ಥಿಯನ್ನು ಬೆರಗುಗೊಳಿಸೀತು. ಪೂರ್ವದೇಶದವರನ್ನೇ ಖಳರನ್ನಾಗಿ ಮಾಡುತ್ತಿದ್ದ ಅಂದಿನ ಅಗ್ಗದ ಕಥೆಗಳ ಚಾಳಿಯನ್ನು ತಿಳಿಯದೆ ಅದರ ವ್ಯಂಗ್ಯವು ಅರ್ಥವಾಗದು. 1930ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಡಿಟೆಕ್ಷನ್ ಕ್ಲಬ್ಬಿನ ಲೇಖಕರಂತೂ, ಮುಖ್ಯವಾದ ಸುಳಿವನ್ನು ವಾಚಕನಿಂದ ಮರೆಮಾಡುವುದಿಲ್ಲವೆಂದು ಪ್ರಮಾಣವನ್ನೇ ಮಾಡುತ್ತಿದ್ದರು.

ಈ ಕಟ್ಟುಪಾಡುಗಳಿಗೆ ಮೊದಲೇ, 1926ರಲ್ಲಿ, ಅಗಾಥಾ ಕ್ರಿಸ್ಟಿಯ ‘ರೋಜರ್ ಅಕ್ರಾಯ್ಡನ ಕೊಲೆ’ ಎಂಬ ಕಾದಂಬರಿಯು ಕೋಲಾಹಲವೆಬ್ಬಿಸಿತ್ತು. ಅಪರಾಧಿ ಯಾರೆಂದು ಹೊರಗೆಡಹುವುದು ಇನ್ನೂ ಓದದವರಿಗೆ ದ್ರೋಹವೇ ಸರಿ. ವಾಚಕನಿಗೆ ಮೋಸವಾಯಿತೆಂದು ಕೆಲವರು ಸಿಟ್ಟಾದರೆಂದಷ್ಟು ಹೇಳಿದರೆ ಸಾಕು. ಡೊರೊಥಿ ಸೇಯರ್ಸ್ ಎಂಬ ಲೇಖಕಿಯು ಕ್ರಿಸ್ಟಿಯ ಪಕ್ಷ ವಹಿಸಿದಳು: ಎಲ್ಲರನ್ನೂ ಶಂಕಿಸುವುದು ವಾಚಕನ ಹೊಣೆಯೆಂಬುದು ಆಕೆಯ ವಾದ. 1935ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಆಕೆ ಅರಿಸ್ಟಾಟಲನ ಕಾವ್ಯಮೀಮಾಂಸೆಯನ್ನೇ ಪತ್ತೇದಾರಿ ಕಥೆಗೆ ಅನ್ವಯಿಸಿದಳು. ಸುಳ್ಳನ್ನು ಕ್ರಮವರಿತು ಹೇಳುವ ಕಲೆಯನ್ನು ಇತರ ಕವಿಗಳಿಗೆ ಕಲಿಸಿದವನು ಹೋಮರನೆಂದು ಆ ತತ್ತ್ವಜ್ಞನು ಹೇಳಿದ್ದನು. ಸೇಯರ್ಸಳ ವಿವರಣೆಯಂತೆ ಗ್ರಂಥಕರ್ತನು ಸುಳ್ಳಾಡಬೇಕಾದುದಿಲ್ಲ. ನಿಜವನ್ನೇ ಹೇಳಿ, ವಾಚಕನು ತಾನಾಗಿ ತಪ್ಪು ಊಹಿಸುವಂತೆ ಮಾಡಿದರಾಯಿತು. ಹತ್ತು ನಿಯಮಗಳಿಗಿಂತ ಈ ಒಂದು ಮಾತು ಹೆಚ್ಚು ತೂಕದ್ದು.

ಇಂಗ್ಲೆಂಡಿನ ಎ-ಲೆವೆಲ್ ತರಗತಿಗಳಿಗಾಗಿ ಎ.ಕ್ಯೂ.ಎ. ಪರೀಕ್ಷಾಮಂಡಲಿಯು 2015ರಲ್ಲಿ ಜಾರಿಗೆ ತಂದ ಸಾಹಿತ್ಯದ ಪಠ್ಯಕ್ರಮವೊಂದರಲ್ಲಿ ಅಪರಾಧ ಸಾಹಿತ್ಯವು ಐಚ್ಛಿಕ ವಿಭಾಗವಾಯಿತು. ‘ಹ್ಯಾಮ್ಲೆಟ್’ ನಾಟಕದೊಡನೆ ಆ ಪಟ್ಟಿಯನ್ನು ಸೇರಿದುದು, ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದ ಯಾವುದೋ ಸಾಧು ಕಾದಂಬರಿಯಲ್ಲ. ಜಗಳ ಹುಟ್ಟಿಸಿದ ಅಕ್ರಾಯ್ಡ್ ಕಾದಂಬರಿಯೇ. ನಾಕ್ಸನನ್ನು ಬಾಯಿಪಾಠ ಮಾಡಿ ಬಂದ ವಿದ್ಯಾರ್ಥಿಗೆ ಅದು ಮೋಸವಾಗಿಯೇ ಕಂಡೀತು. ಕೊನೆಯ ಪುಟದಿಂದ ಮೊದಲನೆಯ ಅಧ್ಯಾಯಕ್ಕೆ ಮರಳಿ ಒಂದೊಂದು ವಾಕ್ಯವನ್ನೂ ಒರೆಗೆ ಹಚ್ಚುವವನಿಗಾದರೋ, ಸುಳಿವುಗಳೆಲ್ಲ ತನ್ನ ಕಣ್ಣೆದುರಿಗೇ ಇದ್ದುದು ಕಾಣುವುದು.